ನೆಮ್ಮದಿಯ ಬೆನ್ನು ಹತ್ತಿದ ಧ್ಯಾನ: ಒಂದು ಪ್ರಕರಣ ಅಧ್ಯಯನ

ವಿಶ್ರಾಂತಿಗಾಗಿ ದಿನನಿತ್ಯ ಧ್ಯಾನ ಆರಂಭಿಸಿದವರಲ್ಲಿ ಕೆಲವರಿಗೆ, ಮೊದಲ ಕೆಲವು ವಾರಗಳಲ್ಲೇ, ಅವರು ಬಯಸಿದ್ದಕ್ಕೆ ವಿರುದ್ಧವಾದ ಅನುಭವವಾಗುವುದುಂಟು. ಕುಳಿತಷ್ಟೂ ಚಡಪಡಿಕೆ ಹೆಚ್ಚುತ್ತದೆ, ಉಸಿರನ್ನು ಗಮನಿಸಿದಷ್ಟೂ ಉಸಿರು ಸಾಲದೆನಿಸುತ್ತದೆ, ಕೊನೆಗೆ ಧ್ಯಾನ ತನ್ನಂಥವರಿಗೆ ಹೇಳಿದ್ದಲ್ಲ ಎಂಬ ತೀರ್ಮಾನದೊಂದಿಗೆ ಅಭ್ಯಾಸವೇ ನಿಂತುಹೋಗುತ್ತದೆ. ಅಂಥ ಒಂದು ಪ್ರಕರಣವನ್ನು ಮೊದಲಿನಿಂದ ಹಿಡಿದು ಪರಿಶೀಲಿಸುವುದು ಈ ಬರಹದ ಉದ್ದೇಶ. ಇಲ್ಲಿರುವ ವ್ಯಕ್ತಿ ಯಾರೊಬ್ಬರ ನೇರ ಚಿತ್ರವಲ್ಲ. ಹೊಸದಾಗಿ ಧ್ಯಾನಕ್ಕೆ ಕೂರುವವರಲ್ಲಿ ಮತ್ತೆ ಮತ್ತೆ ಕಂಡುಬರುವ ತೊಡಕುಗಳನ್ನು ಒಂದೇ ಪ್ರಕರಣವಾಗಿ ಕಟ್ಟಿಕೊಂಡಿದ್ದೇನೆ. ಆದರೆ ಆ ತೊಡಕುಗಳು ನಿಜವಾದವು, ಅವುಗಳ ಹಿಂದಿನ ಕಾರಣಗಳೂ ಬಹುಮಟ್ಟಿಗೆ ತಿಳಿದಿರುವಂಥವು.

ಹಿನ್ನೆಲೆ

ಆಕೆ ನಲವತ್ತು ದಾಟಿದವರು. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೇಲ್ವಿಚಾರಕಿ. ಕೆಲವು ತಿಂಗಳುಗಳಿಂದ ಕತ್ತು ಮತ್ತು ಭುಜ ಬಿಗಿದುಕೊಂಡೇ ಇರುತ್ತಿದ್ದವು. ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು. ನಡುರಾತ್ರಿ ಕಳೆದ ಮೇಲೆ ಎಚ್ಚರವಾದರೆ ಬೆಳಗಿನವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕು, ಆ ಮೇಲೆ ಸಿಡುಕಿದ್ದಕ್ಕಾಗಿ ದೀರ್ಘಕಾಲದ ಪಶ್ಚಾತ್ತಾಪ. ವೈದ್ಯರು ರಕ್ತದೊತ್ತಡ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷಿಸಿ, ದೈಹಿಕವಾಗಿ ಗಂಭೀರವಾದದ್ದೇನೂ ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಒತ್ತಡವನ್ನು ತಗ್ಗಿಸಿಕೊಳ್ಳುವ ಯಾವುದಾದರೂ ನಿತ್ಯದ ಅಭ್ಯಾಸವನ್ನು ಆರಂಭಿಸುವಂತೆ ಸೂಚಿಸಿದರು. ಈ ಕ್ರಮ ಸರಿಯಾದದ್ದು ಎಂಬುದನ್ನು ಒತ್ತಿ ಹೇಳಬೇಕು. ಎದೆಬಡಿತ, ನಿದ್ರಾಹೀನತೆ, ಸದಾ ಕಾಡುವ ದಣಿವು ಇವುಗಳ ಹಿಂದೆ ಚಿಕಿತ್ಸೆ ಬೇಕಿರುವ ಕಾಯಿಲೆ ಇರಬಹುದಾದ್ದರಿಂದ, ಪರೀಕ್ಷೆ ಮಾಡಿಸಿಕೊಳ್ಳದೆ ನೇರವಾಗಿ ಧ್ಯಾನಕ್ಕೆ ಕೂರುವುದು ವಿವೇಕವಲ್ಲ.

ಮೊದಲ ಯತ್ನ

ಆಕೆ ಸ್ವಭಾವತಃ ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವವರು; ಧ್ಯಾನವನ್ನೂ ಹಾಗೆಯೇ ಕೈಗೆತ್ತಿಕೊಂಡರು. ಮೊಬೈಲಿನಲ್ಲಿ ಆ್ಯಪ್ ಒಂದನ್ನು ಹಾಕಿಕೊಂಡು, ರಾತ್ರಿ ಮಲಗುವ ಮುನ್ನ ಹಾಸಿಗೆಯ ಮೇಲೆಯೇ ಕುಳಿತು, ನಲವತ್ತು ನಿಮಿಷ ಉಸಿರಿನ ಮೇಲೆ ಗಮನವಿಡಲು ನಿರ್ಧರಿಸಿದರು. ಮೊದಲ ಕೆಲವು ರಾತ್ರಿ ಹಿತವಾಗಿಯೇ ಕಳೆದವು. ಆ ಹಿತದ ನೆನಪೇ ಮುಂದೆ ಅಳತೆಗೋಲಾಯಿತು. ಪ್ರತಿ ರಾತ್ರಿಯೂ ಅದೇ ಹಗುರತನ ಬರಬೇಕೆಂಬ ನಿರೀಕ್ಷೆ ಬೆಳೆದು, ಅದು ಬಾರದ ದಿನ ಏನೋ ತಪ್ಪುತ್ತಿದೆ ಎಂಬ ಕಳವಳ ಶುರುವಾಯಿತು. ಕೈಗಡಿಯಾರದಲ್ಲಿ ಹೃದಯಬಡಿತದ ಅಂಕಿಯನ್ನು ನಡುನಡುವೆ ನೋಡತೊಡಗಿದರು. ಅಂಕಿ ಇಳಿಯದಿದ್ದರೆ ಇನ್ನಷ್ಟು ಆಳವಾಗಿ ಉಸಿರೆಳೆದರು. ಕೆಲವೇ ದಿನಗಳಲ್ಲಿ ತಲೆ ಹಗುರಾದಂತಾಗುವುದು, ಬೆರಳ ತುದಿಗಳು ಜುಮ್ಮೆನ್ನುವುದು, ಎದೆ ಬಿಗಿದಂತೆನಿಸುವುದು ಕಾಣಿಸಿಕೊಂಡವು. ಆ್ಯಪ್ ತಪ್ಪದೆ ಕೂತ ದಿನಗಳ ಲೆಕ್ಕ ತೋರಿಸುತ್ತಿತ್ತು. ಒಂದು ದಿನ ತಪ್ಪಿದೊಡನೆ ಆ ಲೆಕ್ಕ ಸೊನ್ನೆಗೆ ಬಂತು, ಅಂದಿಗೆ ಆಕೆ ಅಭ್ಯಾಸವನ್ನು ಬಿಟ್ಟರು. ಬಿಟ್ಟ ಮೇಲೆ ಮೊದಲಿದ್ದ ಒತ್ತಡದ ಜೊತೆಗೆ, ಇಷ್ಟು ಸುಲಭದ್ದೂ ತನ್ನಿಂದ ಆಗಲಿಲ್ಲವಲ್ಲ ಎಂಬ ಕೊರಗೂ ಸೇರಿಕೊಂಡಿತು.

ತೊಡಕು ಎಲ್ಲಿತ್ತು

ಮೇಲ್ನೋಟಕ್ಕೆ ಇದು ಛಲದ ಕೊರತೆಯಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಛಲ ಬೇಕಾದುದಕ್ಕಿಂತ ಹೆಚ್ಚಾಗಿತ್ತು, ಮತ್ತು ಅದು ಮೂರು ಕಡೆ ಕೆಲಸ ಕೆಡಿಸಿತು.

ಮೊದಲನೆಯದು ಉಸಿರು. ನಾವು ಗಮನಿಸದಿರುವಾಗ ಉಸಿರಾಟವನ್ನು ಮೆದುಳಿನ ಕಾಂಡ ತಾನಾಗಿಯೇ ನಡೆಸಿಕೊಂಡು ಹೋಗುತ್ತದೆ. ಅದೇ ಉಸಿರು ನಮ್ಮ ಇಚ್ಛೆಗೂ ಒಳಪಡುತ್ತದೆ. ಗಮನಿಸಲು ಕುಳಿತ ಹೊಸಬರು ಅರಿವಿಲ್ಲದೆಯೇ ಅದನ್ನು ನಡೆಸಲು ಆರಂಭಿಸುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ಹೊರಗೆ ಮಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ತೇಲಿದಂತಾಗಿ ಬೆರಳು ಜುಮ್ಮೆನ್ನುತ್ತದೆ. ಇವು ಗಾಬರಿಯಾದಾಗ ಆಗುವ ಲಕ್ಷಣಗಳೇ ಆದ್ದರಿಂದ ದೇಹ ಅವನ್ನು ಅಪಾಯದ ಸೂಚನೆ ಎಂದೇ ಓದಿಕೊಳ್ಳುತ್ತದೆ. ಆಗ ಆ ವ್ಯಕ್ತಿ ಇನ್ನೂ ಆಳವಾಗಿ ಉಸಿರೆಳೆಯುತ್ತಾರೆ, ಲಕ್ಷಣ ಇನ್ನೂ ಹೆಚ್ಚುತ್ತದೆ. ಆಕೆಗೆ ಆದದ್ದು ಬಹುಮಟ್ಟಿಗೆ ಇದೇ. ಇದನ್ನು ಯಾರಾದರೂ ಮೊದಲೇ ವಿವರಿಸಿದ್ದರೆ ಅವರ ಅರ್ಧ ಭಯ ಕಡಿಮೆಯಾಗುತ್ತಿತ್ತು.

ಎರಡನೆಯದು ವಿಶ್ರಾಂತಿಯನ್ನು ಕ್ಷಣಕ್ಷಣವೂ ಪರೀಕ್ಷಿಸುವ ಅಭ್ಯಾಸ. ನೆಟ್ಟ ಸಸಿ ಬೇರು ಬಿಟ್ಟಿದೆಯೇ ಎಂದು ದಿನವೂ ಕಿತ್ತು ನೋಡಿದರೆ ಅದು ಹೇಗೆ ನಿಲ್ಲಲಾರದೋ, ಈಗ ಶಾಂತವಾಯಿತೇ ಎಂದು ಕೇಳುತ್ತಲೇ ಇದ್ದರೆ ಮನಸ್ಸೂ ಹಾಗೆಯೇ ನೆಲೆಗೊಳ್ಳದು. ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ವಿಶ್ರಾಂತಿಯ ತರಬೇತಿಯೇ ಕೆಲವರಲ್ಲಿ ಆತಂಕವನ್ನು ಹೆಚ್ಚಿಸುತ್ತದೆ ಎಂಬುದನ್ನು ಹೈಡ್ ಮತ್ತು ಬೊರ್ಕೊವೆಕ್ 1983ರಲ್ಲಿ ದಾಖಲಿಸಿದರು. ಅವರ ಅಧ್ಯಯನದಲ್ಲಿ ಸ್ನಾಯು ಸಡಿಲಿಸುವ ವಿಧಾನದ ಜೊತೆಗೆ ಮಂತ್ರವನ್ನು ಆಧರಿಸಿದ ಧ್ಯಾನವೂ ಇತ್ತು. ಮನಸ್ಸಿನ ಮೇಲೆ ಹೊರೆ ಇರುವಾಗ ವಿಶ್ರಮಿಸಲು ಪ್ರಯತ್ನಪಟ್ಟವರ ದೇಹ ಇನ್ನಷ್ಟು ಉದ್ರಿಕ್ತವಾಗುತ್ತದೆ ಎಂಬುದನ್ನು ಡೇನಿಯಲ್ ವೆಗ್ನರ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಚರ್ಮದ ವಿದ್ಯುತ್‌ವಾಹಕತೆಯನ್ನು ಅಳೆದು ತೋರಿಸಿದರು. ಹಾಗಾಗಿ ಆಕೆಯ ಅನುಭವವನ್ನು ವೈಯಕ್ತಿಕ ದೌರ್ಬಲ್ಯವೆಂದು ಕರೆಯಲು ಆಧಾರವಿಲ್ಲ.

ಮೂರನೆಯದು ವೇಳೆ ಮತ್ತು ಜಾಗ. ನಿದ್ದೆಗಾಗಿ ಹಾಸಿಗೆಯ ಮೇಲೆ ಕುಳಿತು ಧ್ಯಾನ ಮಾಡಿದಾಗ ಧ್ಯಾನವು ನಿದ್ದೆ ಮಾಡುವ ಶ್ರಮವಾಗಿ ಬದಲಾಗುತ್ತದೆ, ಹಾಸಿಗೆಯು ಎಚ್ಚರದ ಹೋರಾಟದ ಜಾಗವಾಗುತ್ತದೆ. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ವಿಧಾನದ ತಿರುಳೇ ಹಾಸಿಗೆಯನ್ನು ನಿದ್ದೆಗಷ್ಟೇ ಮೀಸಲಿಡುವುದು ಮತ್ತು ನಿದ್ದೆ ಬಾರದಿದ್ದರೆ ಎದ್ದು ಹೊರಬರುವುದು. ಆಕೆ ಮಾಡುತ್ತಿದ್ದುದು ಇದಕ್ಕೆ ವಿರುದ್ಧವಾಗಿತ್ತು.

ಬದಲಾದ ಕ್ರಮ

ಎಂಟು ವಾರಗಳ ಒಂದು ಹೊಸ ಕ್ರಮ ರೂಪುಗೊಂಡಿತು. ಎಂಟು ವಾರ ಎಂಬ ಅವಧಿಗೆ ಒಂದು ಹಿನ್ನೆಲೆಯಿದೆ. 1979ರಲ್ಲಿ ಜಾನ್ ಕಬಾಟ್-ಝಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವವರಿಗಾಗಿ ಕಟ್ಟಿದ ಕಾರ್ಯಕ್ರಮದ ಅವಧಿ ಎಂಟು ವಾರ. ಮುಂದೆ ನಡೆದ ಬಹುಪಾಲು ಅಧ್ಯಯನಗಳು ಅದನ್ನೇ ಅನುಸರಿಸಿವೆ. ಆ ಕಾರ್ಯಕ್ರಮದಲ್ಲಿ ಮನೆಯ ಅಭ್ಯಾಸ ದಿನಕ್ಕೆ ಸುಮಾರು 45 ನಿಮಿಷ. ಆಕೆಗೆ ಮಾತ್ರ ಹತ್ತು ನಿಮಿಷವೆಂದು ಗೊತ್ತುಪಡಿಸಲಾಯಿತು. ಕಡಿಮೆ ಅವಧಿಯಿಂದ ಏನೂ ಆಗದು ಎಂಬ ಅವರ ಶಂಕೆಗೆ ಉತ್ತರವಾಗಿ ಒಂದು ಅಧ್ಯಯನವನ್ನು ಮುಂದಿಡಬಹುದಿತ್ತು: 2019ರಲ್ಲಿ ಜೂಲಿಯಾ ಬಾಸೊ ಮತ್ತು ಸಂಗಡಿಗರು, ಹಿಂದೆಂದೂ ಧ್ಯಾನ ಮಾಡಿರದವರು ದಿನಕ್ಕೆ 13 ನಿಮಿಷ ಅಭ್ಯಾಸ ಮಾಡಿದಾಗ, ನಾಲ್ಕು ವಾರಕ್ಕೆ ಗಮನಾರ್ಹ ಬದಲಾವಣೆ ಕಾಣದಿದ್ದರೂ ಎಂಟು ವಾರಕ್ಕೆ ಮನಃಸ್ಥಿತಿ ಮತ್ತು ಗಮನ ಎರಡೂ ಸುಧಾರಿಸಿದ್ದನ್ನು ವರದಿ ಮಾಡಿದರು. ಈ ಫಲಿತಾಂಶದಲ್ಲಿ ಅವಧಿ ಚಿಕ್ಕದಾದರೂ ಸಾಕು ಎಂಬ ಸಮಾಧಾನದ ಜೊತೆಗೆ, ಒಂದು ತಿಂಗಳಲ್ಲೇ ಫಲವನ್ನು ಹುಡುಕಬಾರದು ಎಂಬ ಎಚ್ಚರಿಕೆಯೂ ಇದೆ, ಮತ್ತು ಆಕೆಯ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯವಾಗಿತ್ತು.

ವೇಳೆಯನ್ನು ರಾತ್ರಿಯಿಂದ ಸಂಜೆಗೆ ತರಲಾಯಿತು. ಕಚೇರಿಯಿಂದ ಬಂದು, ಕೈಕಾಲು ತೊಳೆದು, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುನ್ನ ಕೂರುವುದು. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಹೊಸ ಅಭ್ಯಾಸವನ್ನು ಕಟ್ಟಿದರೆ, ನೆನಪಿಟ್ಟುಕೊಳ್ಳುವ ಹೊರೆ ಇಳಿಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮಂಡಿ ನೋಯುತ್ತಿದ್ದುದರಿಂದ ಕುರ್ಚಿಯೇ ಸಾಕೆಂದಾಯಿತು: ಪಾದಗಳು ಪೂರ್ತಿ ನೆಲಕ್ಕೆ ಊರಿರಬೇಕು, ಬೆನ್ನು ನೇರವಾಗಿದ್ದರೂ ಸೆಟೆದಿರಬಾರದು, ಕಣ್ಣು ಅರೆತೆರೆದು ನೆಲದತ್ತ ನೆಟ್ಟಿರಬೇಕು. ಕಣ್ಣು ಮುಚ್ಚಿದೊಡನೆ ಎದೆಬಡಿತದ ಕಡೆಗೇ ಗಮನ ಓಡುವವರಿಗೆ ಅರೆತೆರೆದ ಕಣ್ಣು ದೊಡ್ಡ ಆಸರೆ. ಕೈಗಡಿಯಾರ ಮತ್ತು ದಿನಗಳ ಲೆಕ್ಕ ಎರಡನ್ನೂ ಬಿಡಲಾಯಿತು.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಆಲಂಬನದ್ದು, ಅಂದರೆ ಗಮನವನ್ನು ನೆಲೆಗೊಳಿಸುವ ವಸ್ತುವಿನದ್ದು. ಧ್ಯಾನವೆಂದರೆ ಉಸಿರನ್ನು ನೋಡುವುದೇ ಎಂಬ ನಂಬಿಕೆ ಎಷ್ಟು ಹರಡಿದೆಯೆಂದರೆ, ಉಸಿರು ಒಗ್ಗದವರು ಧ್ಯಾನವನ್ನೇ ಕೈಬಿಡುತ್ತಾರೆ. ಹಳೆಯ ಪರಂಪರೆಗಳು ಇಷ್ಟು ಇಕ್ಕಟ್ಟಾಗಿಲ್ಲ. ಬೌದ್ಧ ಸಂಪ್ರದಾಯದಲ್ಲಿ ನಡೆಯುತ್ತ ಮಾಡುವ ಧ್ಯಾನಕ್ಕೆ ಕುಳಿತು ಮಾಡುವ ಧ್ಯಾನದಷ್ಟೇ ಮಾನ್ಯತೆಯಿದೆ. ಯೋಗದ ಪರಂಪರೆಯಲ್ಲೂ ಮನಸ್ಸನ್ನು ನಿಲ್ಲಿಸಲು ಹಲವು ಆಲಂಬನಗಳನ್ನು ಹೇಳಲಾಗಿದೆ. ಆಕೆಗೆ ಪಾದದ ಅಡಿ ನೆಲಕ್ಕೆ ತಾಗುವ ಸ್ಪರ್ಶವನ್ನೂ ತೊಡೆಯ ಮೇಲಿಟ್ಟ ಅಂಗೈಗಳ ಬಿಸುಪನ್ನೂ ಗಮನಿಸುವಂತೆ ಸೂಚಿಸಲಾಯಿತು. ಉಸಿರು ತನ್ನ ಪಾಡಿಗೆ ತಾನು ನಡೆಯಲಿ, ಗಮನ ಅದರತ್ತ ಹೋದರೆ ತಡೆಯುವುದೂ ಬೇಡ, ಹಿಂಬಾಲಿಸುವುದೂ ಬೇಡ. ತೀರಾ ಚಡಪಡಿಕೆಯ ದಿನ ಕೂರುವ ಬದಲು ಕೋಣೆಯೊಳಗೆ ನಿಧಾನವಾಗಿ, ಹಿಮ್ಮಡಿ ಏಳುವುದು, ಪಾದ ಸರಿಯುವುದು, ನೆಲ ಮುಟ್ಟುವುದು ಇವನ್ನು ಗಮನಿಸುತ್ತ ಹತ್ತು ನಿಮಿಷ ನಡೆದರೆ ಅದೂ ಅಂದಿನ ಅಭ್ಯಾಸವೇ.

ಆಕೆಗೆ ಕೊಟ್ಟ ಕೆಲಸ ಒಂದೇ ಆಗಿತ್ತು: ಮನಸ್ಸು ಬೇರೆಡೆ ಹೋಗಿದೆ ಎಂದು ತಿಳಿದಾಗ, ಹೋದದ್ದಕ್ಕೆ ಬೈದುಕೊಳ್ಳದೆ, ಪಾದದ ಸ್ಪರ್ಶಕ್ಕೆ ಮರಳುವುದು. ಮನಸ್ಸು ಹೋಗುವುದೇ ತಪ್ಪು ಎಂಬ ಭಾವನೆಯಿಂದ ಅವರು ಹೊರಬರಲು ಬಹಳ ದಿನ ಹಿಡಿಯಿತು. ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ಪ್ರಶ್ನಿಸಿದಾಗ, ಸುಮಾರು 47 ಪ್ರತಿಶತ ಸಂದರ್ಭಗಳಲ್ಲಿ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಅಲೆಯುವುದು ಮನಸ್ಸಿನ ಸಹಜ ನಡೆ. ಅಲೆದದ್ದು ಗಮನಕ್ಕೆ ಬರುವ ಕ್ಷಣವೇ ಧ್ಯಾನ ಕೆಲಸ ಮಾಡಿದ ಕ್ಷಣ. ಇದನ್ನು ಬುದ್ಧಿಗೆ ಹೇಳಿ ಒಪ್ಪಿಸುವುದು ಸುಲಭ, ಆದರೆ ಅದು ಅನುಭವಕ್ಕೆ ಇಳಿಯಬೇಕಾದರೆ ನೂರಾರು ಸಲ ಮರಳಿದ ಅಭ್ಯಾಸವೇ ಬೇಕು.

ತಪ್ಪಿದ ದಿನಗಳ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಲಾಗಿತ್ತು. ಅಭ್ಯಾಸಗಳು ಬೇರೂರುವ ಬಗ್ಗೆ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನಗಳಿಂದ 254 ದಿನಗಳವರೆಗೂ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಒಟ್ಟು ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಆಕೆಯನ್ನು ಹಿಂದೆ ಅಭ್ಯಾಸದಿಂದ ದೂರ ತಳ್ಳಿದ್ದು ತಪ್ಪಿದ ಆ ಒಂದು ದಿನವಲ್ಲ, ಸೊನ್ನೆಗಿಳಿದ ಲೆಕ್ಕ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ ಹದಿನಾಲ್ಕನೆಯ ಸೂತ್ರ ಅಭ್ಯಾಸ ದೃಢವಾಗಲು ದೀರ್ಘಕಾಲ, ನಿರಂತರತೆ ಮತ್ತು ಆದರ ಮೂರನ್ನೂ ಹೇಳುತ್ತದೆ. ನಿರಂತರತೆಯನ್ನು ನಾವೆಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ, ಆದರವನ್ನು ಮರೆಯುತ್ತೇವೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ.

ಐದನೆಯ ವಾರ

ಮೊದಲ ನಾಲ್ಕು ವಾರ ವಿಶೇಷವಾದದ್ದೇನೂ ಘಟಿಸಲಿಲ್ಲ. ಕೆಲವು ದಿನ ತೂಕಡಿಕೆ, ಕೆಲವು ದಿನ ಬೇಸರ. ಎದೆ ಬಿಗಿಯುವುದು ಮಾತ್ರ ಬಹುತೇಕ ನಿಂತಿತು. ಐದನೆಯ ವಾರದ ಒಂದು ಸಂಜೆ, ಕುಳಿತ ಕೆಲವೇ ನಿಮಿಷಗಳಲ್ಲಿ, ಹಿಂದಿನ ವರ್ಷ ತೀರಿಕೊಂಡ ತಂದೆಯ ನೆನಪು ಉಕ್ಕಿ ಬಂದು ಆಕೆ ಬಿಕ್ಕಿಬಿಕ್ಕಿ ಅತ್ತರು. ಮರುದಿನವೂ ಹಾಗೆಯೇ ಆಯಿತು. ಕುಳಿತರೆ ದುಃಖ ಬರುತ್ತದೆಂಬ ಹೆದರಿಕೆ ಮೂರನೆಯ ದಿನದ ಹೊತ್ತಿಗೆ ಗಟ್ಟಿಯಾಗಿತ್ತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಒಳಗಿದ್ದದ್ದು ಹೊರಬರುತ್ತಿದೆ, ಬಿಡದೆ ಕೂರಿ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ದಿನವಿಡೀ ಕೆಲಸದ ಗದ್ದಲದಲ್ಲಿ ಅದುಮಿಟ್ಟ ಶೋಕ, ಗದ್ದಲ ತಗ್ಗಿದಾಗ ಮೇಲೇಳುವುದು ಸಹಜವೇ ಹೌದು, ಅದರಲ್ಲಿ ಹಿತವೂ ಇರಬಹುದು. ಆದರೆ ಅದನ್ನು ಒಬ್ಬರೇ, ಆಸರೆಯಿಲ್ಲದೆ ತಾಳಿಕೊಳ್ಳಬಲ್ಲರೇ ಎಂಬುದನ್ನು ನೋಡದೆ ಬಿಡದೆ ಕೂರಲು ಹೇಳುವುದು ಹೊಣೆಗೇಡಿತನ. ಧ್ಯಾನಕ್ಕೆ ಅಡ್ಡಪರಿಣಾಮಗಳೇ ಇಲ್ಲವೆಂಬ ಮಾತೂ ನಿಜವಲ್ಲ. ಮಿಗೆಲ್ ಫರಿಯಾಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ, 83 ಅಧ್ಯಯನಗಳ ವಿಮರ್ಶೆಯಲ್ಲಿ ಅಹಿತಕರ ಅನುಭವಗಳ ಪ್ರಮಾಣ ಒಟ್ಟಾರೆ ಸುಮಾರು 8 ಪ್ರತಿಶತ, ಅವುಗಳಲ್ಲಿ ಆತಂಕ ಮತ್ತು ಖಿನ್ನತೆಯೇ ಮುಖ್ಯವಾದವು. ಆಕೆಯ ವಿಷಯದಲ್ಲಿ ಕುಳಿತು ಮಾಡುವ ಅಭ್ಯಾಸವನ್ನು ಆ ವಾರದ ಮಟ್ಟಿಗೆ ನಿಲ್ಲಿಸಿ ನಡಿಗೆಯ ಅಭ್ಯಾಸವನ್ನಷ್ಟೇ ಉಳಿಸಿಕೊಳ್ಳಲಾಯಿತು, ಮತ್ತು ಅಗಲಿಕೆಯ ದುಃಖದ ಬಗ್ಗೆ ಮಾತಾಡಲು ಆಪ್ತಸಮಾಲೋಚಕರ ಬಳಿ ಹೋಗುವಂತೆ ಹೇಳಲಾಯಿತು. ಅವರು ಹೋದರು. ಹಿಂದೆ ತೀವ್ರ ಆಘಾತ, ಚಿತ್ತವಿಕಲತೆ ಅಥವಾ ತೀವ್ರ ಖಿನ್ನತೆಯನ್ನು ಕಂಡವರಾಗಿದ್ದರೆ, ಮನೋವೈದ್ಯರ ಸಲಹೆಯಿಲ್ಲದೆ ಈ ಕ್ರಮವನ್ನು ಆರಂಭಿಸುವುದೇ ಸರಿಯಾಗುತ್ತಿರಲಿಲ್ಲ.

ಕಂಡುಬಂದ ಬದಲಾವಣೆ

ಎಂಟು ವಾರ ಮುಗಿದಾಗ ಆಕೆಯ ಮನಸ್ಸಿನಲ್ಲಿ ಯೋಚನೆಗಳು ಕಡಿಮೆಯಾಗಿರಲಿಲ್ಲ. ಬದಲಾವಣೆ ಕಂಡದ್ದು ಕುರ್ಚಿಯಿಂದ ಎದ್ದ ಮೇಲಿನ ಹೊತ್ತಿನಲ್ಲಿ. ಕಚೇರಿಯಲ್ಲಿ ಒಂದು ಕಟುವಾದ ಇ-ಮೇಲ್ ಓದುತ್ತಿದ್ದಾಗ ತನ್ನ ದವಡೆ ಕಚ್ಚಿಕೊಂಡಿದೆ ಎಂಬುದು ಅವರಿಗೆ ಓದುತ್ತಿರುವಾಗಲೇ ತಿಳಿಯಿತು. ಮೊದಲಾದರೆ ಸಂಜೆ ನೋವು ಬಂದಾಗ ತಿಳಿಯುತ್ತಿತ್ತು. ಆ ಅರಿವು ಬಂದಾಗ ಪಾದ ನೆಲಕ್ಕೆ ಊರಿರುವುದನ್ನು ಗಮನಿಸಿ, ಒಂದು ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಆಮೇಲೆ ಉತ್ತರ ಬರೆದರು. ಉಸಿರನ್ನು ಹೊರಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯಬಡಿತ ತುಸು ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ತುಸು ವೇಗವಾಗುತ್ತದೆ. ಆದ್ದರಿಂದ ನಿಡಿದಾದ ನಿಶ್ವಾಸ ಒಂದು ಸಣ್ಣ ಆದರೆ ನಿಜವಾದ ನೆರವು. ಮೊದಲು ಅವರು ಉಸಿರೆಳೆಯುವುದಕ್ಕೆ ಒತ್ತುಕೊಟ್ಟು ಹೆಣಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಮನೆಯಲ್ಲಿ ಸಿಡುಕು ಇಲ್ಲವಾಗಲಿಲ್ಲ, ಆದರೆ ಸಿಡುಕಿದ ಮೇಲೆ ಗಂಟೆಗಟ್ಟಲೆ ತನ್ನನ್ನು ತಾನು ಹಳಿದುಕೊಳ್ಳುವುದು ಕಡಿಮೆಯಾಯಿತು. ತಪ್ಪೊಪ್ಪಿಕೊಂಡು ಮುಂದಿನ ಕೆಲಸಕ್ಕೆ ಹೋಗುವುದು ಸಾಧ್ಯವಾಯಿತು. ರಾತ್ರಿ ಎಚ್ಚರವಾಗುವುದು ಮುಂದುವರಿಯಿತು. ಗಡಿಯಾರ ನೋಡಿ ಉಳಿದ ಗಂಟೆಗಳನ್ನು ಎಣಿಸುವುದನ್ನು ಬಿಟ್ಟದ್ದರಿಂದ ಹಲವು ರಾತ್ರಿ ಮತ್ತೆ ನಿದ್ದೆ ಹತ್ತುತ್ತಿತ್ತು, ಕೆಲವು ರಾತ್ರಿ ಹತ್ತುತ್ತಿರಲಿಲ್ಲ. ಕತ್ತಿನ ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅದಕ್ಕೆ ಕೂರುವ ಭಂಗಿಯ ತಿದ್ದುಪಡಿ ಮತ್ತು ವ್ಯಾಯಾಮ ಬೇಕಾದವು.

ಇನ್ನೊಂದು ಬದಲಾವಣೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ತನ್ನ ದಣಿವಿನ ದೊಡ್ಡ ಪಾಲು ಮನಸ್ಸಿನದಲ್ಲ, ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುತ್ತಿರುವುದರದ್ದು ಎಂಬುದು ಆಕೆಗೆ ಸ್ಪಷ್ಟವಾಯಿತು, ಮತ್ತು ಅದನ್ನು ಮೇಲಧಿಕಾರಿಯ ಮುಂದೆ ಲಿಖಿತವಾಗಿ ಇಟ್ಟರು. ಧ್ಯಾನದ ಹೆಸರಿನಲ್ಲಿ ಅನ್ಯಾಯದ ಹೊರೆಯನ್ನು ಸಹಿಸಿಕೊಳ್ಳುವುದನ್ನು ಕಲಿಸುವುದಾದರೆ ಅಂಥ ಧ್ಯಾನ ಯಾರ ಕ್ಷೇಮಕ್ಕೂ ಅಲ್ಲ. ಉದ್ಯೋಗಿಗಳಿಗೆ ಧ್ಯಾನದ ತರಗತಿ ಏರ್ಪಡಿಸಿ ಕೆಲಸದ ಹೊರೆಯನ್ನು ಮುಟ್ಟದೆ ಬಿಡುವ ಸಂಸ್ಥೆಗಳ ವಿಷಯದಲ್ಲಿ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಎಷ್ಟು ನಂಬಬಹುದು

ಈ ಸುಧಾರಣೆಯ ಎಷ್ಟು ಪಾಲು ಧ್ಯಾನದ್ದು ಎಂಬುದನ್ನು ಒಂದೇ ಪ್ರಕರಣದಿಂದ ನಿರ್ಧರಿಸಲಾಗದು. ಅದೇ ಅವಧಿಯಲ್ಲಿ ಆಕೆ ಹಾಸಿಗೆಗೆ ಮೊಬೈಲ್ ಒಯ್ಯುವುದನ್ನು ನಿಲ್ಲಿಸಿದ್ದರು, ಆಪ್ತಸಮಾಲೋಚನೆಗೆ ಹೋಗುತ್ತಿದ್ದರು, ಯಾರೋ ಒಬ್ಬರು ತನ್ನ ಮಾತು ಕೇಳುತ್ತಿದ್ದಾರೆ ಎಂಬ ನೆಮ್ಮದಿಯೂ ಇತ್ತು. ದೊಡ್ಡ ಅಧ್ಯಯನಗಳು ಹೇಳುವುದೂ ಎಚ್ಚರಿಕೆಯ ಮಾತನ್ನೇ. ಮಾಧವ್ ಗೋಯಲ್ ಮತ್ತು ಸಂಗಡಿಗರು 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಮಂದಿಯ ಮಾಹಿತಿಯನ್ನು, ಒಟ್ಟಿಗೆ ಪರಿಶೀಲಿಸಿದಾಗ ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆಗೆ ಮಧ್ಯಮ ಬಲದ ಆಧಾರ ದೊರೆಯಿತು. ಔಷಧ, ವ್ಯಾಯಾಮ ಅಥವಾ ಇತರ ವರ್ತನಾ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಆಧಾರ ದೊರೆಯಲಿಲ್ಲ. ಆತಂಕದ ಕಾಯಿಲೆಗಳಿರುವವರಲ್ಲಿ ಎಂಟು ವಾರದ ಧ್ಯಾನದ ಕಾರ್ಯಕ್ರಮವನ್ನು ಎಸ್ಸಿಟಲೋಪ್ರಾಮ್ ಎಂಬ ಔಷಧಕ್ಕೆ ಹೋಲಿಸಿದ ಎಲಿಜಬೆತ್ ಹೋಜ್ ಅವರ ತಂಡದ ಅಧ್ಯಯನ, ಎರಡರ ಪರಿಣಾಮದಲ್ಲಿ ಗಣನೀಯ ಅಂತರವಿಲ್ಲ ಎಂಬ ನಿರ್ಣಯಕ್ಕೆ ಬಂದಿದೆ. ಇದನ್ನು ಓದಿ ಯಾರಾದರೂ ತಾವು ತೆಗೆದುಕೊಳ್ಳುತ್ತಿರುವ ಔಷಧವನ್ನು ತಾವೇ ನಿಲ್ಲಿಸಿದರೆ ಅನಾಹುತವಾದೀತು. ಆ ಅಧ್ಯಯನದಲ್ಲಿ ಭಾಗವಹಿಸಿದವರು ನುರಿತ ಶಿಕ್ಷಕರ ಕೈಕೆಳಗೆ, ವಾರವಾರವೂ ತರಗತಿಗೆ ಹೋಗಿ, ಮನೆಯಲ್ಲೂ ದಿನಕ್ಕೆ ಮುಕ್ಕಾಲು ಗಂಟೆ ಕುಳಿತವರು.

ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಧ್ಯಾನಿಗಳ ದೇಹವನ್ನು ಅಭ್ಯಸಿಸಿ ಹೇಳಿದ ಒಂದು ಸಂಗತಿಯನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಆಮ್ಲಜನಕದ ಬಳಕೆ ತಗ್ಗಿಸಿ, ಉಸಿರಾಟ ಮತ್ತು ಹೃದಯಬಡಿತವನ್ನು ನಿಧಾನಗೊಳಿಸುವ ಆ ವಿಶ್ರಾಂತ ಸ್ಥಿತಿಗೆ ಅವರು ಗುರುತಿಸಿದ ಅಗತ್ಯಗಳಲ್ಲಿ, ಪುನರಾವರ್ತಿಸುವ ಒಂದು ಪದ ಅಥವಾ ಆಲಂಬನದ ಜೊತೆಗೆ, ಸರಿಯಾಗಿ ಆಗುತ್ತಿದೆಯೇ ಎಂದು ಚಿಂತಿಸದ ನಿರುದ್ವಿಗ್ನ ಮನೋಭಾವವೂ ಇತ್ತು. ಆಕೆಯ ಮೊದಲ ಯತ್ನದಲ್ಲಿ ಆಲಂಬನವಿತ್ತು, ಏಕಾಂತವಿತ್ತು, ಸಮಯ ಬೇಕಾದುದಕ್ಕಿಂತ ಹೆಚ್ಚೇ ಇತ್ತು. ಈ ಮನೋಭಾವವೊಂದು ಇರಲಿಲ್ಲ, ಅದಿಲ್ಲದೆ ಉಳಿದವು ಫಲ ಕೊಡಲಿಲ್ಲ.

ಆಕೆ ಈಗ ವಾರದ ಹೆಚ್ಚಿನ ದಿನಗಳಲ್ಲಿ ಹತ್ತು ನಿಮಿಷ ಕೂರುತ್ತಾರೆ. ಅವಧಿಯನ್ನು ಇಪ್ಪತ್ತು ನಿಮಿಷಕ್ಕೆ ಏರಿಸಬಹುದೇ ಎಂದು ಕೇಳಿದ್ದಾರೆ. ಏರಿಸಲು ಅಡ್ಡಿಯೇನಿಲ್ಲ, ಆದರೆ ಹೆಚ್ಚು ಕುಳಿತರೆ ಹೆಚ್ಚು ಶಾಂತಿ ಎಂಬ ಎಣಿಕೆಯಿಂದ ಏರಿಸುವುದಾದರೆ ಇನ್ನೂ ಕೆಲವು ತಿಂಗಳು ತಡೆಯುವುದು ಒಳ್ಳೆಯದು ಎಂಬುದು ನನ್ನ ಸಲಹೆ. ಹತ್ತು ನಿಮಿಷ ಮುಗಿದರೂ ಏಳಬೇಕೆನಿಸದ ದಿನಗಳು ತಾವಾಗಿ ಬರತೊಡಗಿದಾಗ ಐದು ನಿಮಿಷ ಕೂಡಿಸಿಕೊಳ್ಳಬಹುದು. ಎದೆಯ ಬಿಗಿತ ಮರಳಿದರೆ ಕೂಡಲೇ ಹತ್ತಕ್ಕೆ ಇಳಿಯಬೇಕು.